ಬೆಂಗಳೂರಿನ ಉದ್ಯೋಗ ಬಿಟ್ಟು ಹಾಸನ, ಚಿಕ್ಕಮಗಳೂರಿನ ಕಡೆ ತೋಟ ಮತ್ತು ಹೋಂಸ್ಟೇ ನಡೆಸಿ ಬದುಕಬಹುದೇ?

ನಿಮಗೆ ಮೂವತ್ತೆಂಟು ವರ್ಷ, ಕೈಯಲ್ಲಿ ಒಂದಿಷ್ಟು ಉಳಿತಾಯವಿದೆ. ನಾಲ್ಕೈದು ಎಕರೆ ಕಾಫಿ ತೋಟ ಕೊಂಡು, ಅದರಲ್ಲೇ ಎರಡು ಮೂರು ಕೊಠಡಿ ಕಟ್ಟಿಸಿ ಅತಿಥಿಗಳನ್ನು ಇರಿಸಿಕೊಂಡರೆ ಜೀವನ ಸಾಗೀತೇ ಎಂದು ಕೇಳಿದ್ದೀರಿ. ನಾನು ಬೆಂಗಳೂರಿನ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಹದಿನಾಲ್ಕು ವರ್ಷ ದುಡಿದವಳು. 2021ರಲ್ಲಿ ಬೇಲೂರು ತಾಲ್ಲೂಕಿನ ಅರೇಹಳ್ಳಿಯ ಕಡೆ ಆರು ಎಕರೆ ರೊಬಸ್ಟಾ ತಳಿಯ ಕಾಫಿ ತೋಟ ಕೊಂಡು, ಮರುವರ್ಷ ಮೂರು ಕೊಠಡಿಗಳ ಹೋಂಸ್ಟೇ ಆರಂಭಿಸಿದೆ. ಬದುಕಬಹುದು ಎಂಬುದೇ ನನ್ನ ಉತ್ತರ. ಆದರೆ ಈ ವರ್ಷವೇ ರಾಜೀನಾಮೆ ಕೊಡಬೇಡಿ.

ಹೊರಗಿನಿಂದ ನೋಡುವವರಿಗೆ ತೋಟವೂ ಹೋಂಸ್ಟೇಯೂ ಒಂದಕ್ಕೊಂದು ಪೂರಕವೆನಿಸುತ್ತವೆ. ಲೆಕ್ಕದ ಪುಸ್ತಕದಲ್ಲಿ ಅದು ನಿಜವೂ ಹೌದು. ಆದರೆ ದಿನದ ಕೆಲಸದಲ್ಲಿ ಇವೆರಡೂ ಒಂದೇ ವಾರ, ಒಂದೇ ಹೊತ್ತಿನಲ್ಲಿ ಯಜಮಾನಿಯ ಕೈಯನ್ನು ಬೇಡುತ್ತವೆ. ಕಾಫಿಯ ಇನ್ನೊಂದು ತಳಿಯಾದ ಅರೇಬಿಕಾದ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೆ ನಡೆದರೆ ರೊಬಸ್ಟಾ ಕೊಯ್ಲು ಡಿಸೆಂಬರ್ ಕೊನೆಗೆ ಆರಂಭವಾಗಿ ಫೆಬ್ರವರಿಯವರೆಗೆ ಹೋಗುತ್ತದೆ. ಬೆಂಗಳೂರಿನವರು ಬೆಟ್ಟ ನೋಡಲು ಹೊರಡುವುದೂ ಕ್ರಿಸ್‌ಮಸ್ ರಜೆಯಿಂದ ಗಣರಾಜ್ಯೋತ್ಸವದವರೆಗಿನ ಇದೇ ದಿನಗಳಲ್ಲಿ. ಮೊದಲ ವರ್ಷ ಮೂರೂ ಕೊಠಡಿಗಳು ಭರ್ತಿಯಾಗಿದ್ದ ಒಂದು ಶನಿವಾರ ಅಕಾಲಿಕ ಮಳೆ ಬಂದಿತು. ಕಣದಲ್ಲಿ ಹರವಿದ್ದ ಹಣ್ಣಿಗೆ ಟಾರ್ಪಾಲು ಹೊದಿಸಲು ಓಡುವುದೋ, ಹನ್ನೊಂದು ಜನರಿಗೆ ಅಕ್ಕಿರೊಟ್ಟಿ ತಟ್ಟುವುದೋ ಎಂದು ತಿಳಿಯದೆ ನಿಂತಿದ್ದೆ. ರೊಟ್ಟಿಯನ್ನೇ ತಟ್ಟಿದೆ. ನೆನೆದ ಕಾಫಿಗೆ ಬೂಷ್ಟು ಹಿಡಿದು ವ್ಯಾಪಾರಿ ಕಡಿಮೆ ಬೆಲೆ ಕಟ್ಟಿದಾಗ, ಆ ವಾರದ ಕೊಠಡಿ ಬಾಡಿಗೆ ಪೂರ್ತಿ ಆ ನಷ್ಟಕ್ಕೇ ಸರಿಹೋಯಿತು. ಈಗ ಕೊಯ್ಲಿನ ಆರು ವಾರ ಒಂದೇ ಕೊಠಡಿಯನ್ನು ಕೊಡುತ್ತೇನೆ.

ಅತಿಥಿಗಳಿಂದಲೇ ಹಣ್ಣು ಕೊಯ್ಯಿಸುವ ಉಪಾಯವೂ ನನಗೆ ಹೊಳೆದಿತ್ತು. ಅವರು ಹಸಿರು ಕಾಯಿಯನ್ನೂ ಸೇರಿಸಿ ಗೊಂಚಲನ್ನೇ ಕೀಳುವುದನ್ನು ಕಂಡು ಒಂದೇ ದಿನದಲ್ಲಿ ಕೈಬಿಟ್ಟೆ. ಅವರಿಗೆ ನಿಜವಾಗಿ ಹಿಡಿಸುವುದು ನೋಡುವ ಕೆಲಸ. ಒಂಟಿ ಬಿದಿರಿನ ಏಣಿ ಹತ್ತಿ ಮೆಣಸು ಕೊಯ್ಯುವುದು, ಕಣದಲ್ಲಿ ಕಾಫಿ ಕೆದಕುವುದು, ಒಲೆಯ ಮೇಲೆ ಬೀಜ ಹುರಿಯುವುದು, ಇವಿಷ್ಟನ್ನು ತೋರಿಸಿದರೆ ಸಾಕು. ಕಾಫಿ ಹೂವನ್ನು ನೋಡಲು ಯಾವ ದಿನ ಬರಬೇಕೆಂದು ಬಹಳ ಜನ ಕೇಳುತ್ತಾರೆ. ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಒಂದು ಇಂಚಿನಷ್ಟು ಹೂಮಳೆ ಬಿದ್ದು, ಇಲ್ಲವೇ ಸ್ಪ್ರಿಂಕ್ಲರ್‌ನಲ್ಲಿ ಅಷ್ಟು ನೀರು ಕೊಟ್ಟು, ಎಂಟು ಹತ್ತು ದಿನ ಕಳೆದ ಮೇಲೆ ತೋಟ ಬೆಳ್ಳಗಾಗುತ್ತದೆ. ಮೂರು ನಾಲ್ಕು ದಿನಗಳಲ್ಲಿ ಬಾಡುತ್ತದೆ. ಆ ದಿನವನ್ನು ಎರಡು ತಿಂಗಳು ಮೊದಲೇ ಕಾದಿರಿಸಲು ಯಾರಿಂದಲೂ ಆಗದು.

ಜಮೀನಿನ ವಿಷಯದಲ್ಲಿ ನಾನು ಎಡವಿದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನನ್ನಂಥ ಕೃಷಿಕರಲ್ಲದ ಮನೆತನದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು 2020ರ ತಿದ್ದುಪಡಿಯಲ್ಲಿ ಹೋದವು, ಕಾಫಿ ತೋಟಗಳಿಗೆ ಅವು ಮೊದಲೂ ಅನ್ವಯಿಸುತ್ತಿರಲಿಲ್ಲ. ನೀವು ಕೊಳ್ಳುವ ಹೊತ್ತಿಗೆ ಯಾವ ನಿಯಮ ಜಾರಿಯಲ್ಲಿರುತ್ತದೆ ಎಂಬುದನ್ನು ವಕೀಲರಿಂದ ಖಚಿತಪಡಿಸಿಕೊಳ್ಳಿ. ಕೊಳ್ಳಲು ಅರ್ಹತೆ ಇದ್ದ ಮಾತ್ರಕ್ಕೆ ಕಾಗದಪತ್ರಗಳು ಸರಿಯಾಗಿವೆ ಎಂದಲ್ಲ. ನನ್ನ ಪಹಣಿಯಲ್ಲಿ ಆರು ಎಕರೆ ಇತ್ತು, ಅಳತೆ ಮಾಡಿಸಿದಾಗ ಬೇಲಿಯ ಒಳಗಿನ ಇಪ್ಪತ್ತು ಗುಂಟೆ ಪಕ್ಕದವರ ಸರ್ವೆ ನಂಬರಿಗೆ ಸೇರಿತ್ತು. ಪೋಡಿಯಾಗಿ, ಅಂದರೆ ನನ್ನ ಪಾಲು ಅಳತೆಯಾಗಿ ದಾಖಲೆಯಲ್ಲಿ ಬೇರ್ಪಟ್ಟು, ನಕ್ಷೆ ಕೈಗೆ ಬರುವುದರೊಳಗೆ ಎರಡು ಮಳೆಗಾಲ ಕಳೆದವು. ಮುಂಗಡ ಕೊಡುವ ಮೊದಲೇ ಅಳತೆ ಮಾಡಿಸಿ. ಜಮೀನು ಮೂಲತಃ ಸರ್ಕಾರದಿಂದ ಮಂಜೂರಾದದ್ದೋ ಅಲ್ಲವೋ ಎಂದು ನೋಡಿ. ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದದ್ದಾದರೆ 1978ರ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ. ಕೊಠಡಿ ಕಟ್ಟಿಸುವ ಮೊದಲು ಭೂ ಪರಿವರ್ತನೆಯ ಬಗ್ಗೆ ವಿಚಾರಿಸಿ. ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಪಂಚಾಯಿತಿಯ ಪರವಾನಗಿ, ಪೊಲೀಸ್ ಠಾಣೆಗೆ ಮಾಹಿತಿ, ಇವೆಲ್ಲ ಓಡಾಟದ ಕೆಲಸಗಳು, ಆಗುತ್ತವೆ. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವರ ವಿವರಗಳ ನಮೂನೆಯನ್ನು ಸಲ್ಲಿಸಬೇಕೆಂಬುದನ್ನು ಮಾತ್ರ ಮರೆಯಬೇಡಿ.

ಹಳೆಯ ವೃತ್ತಿಯ ಚಾಳಿಯಿಂದ ಇನ್ನೊಂದು ಮಾತು. ತೋಟದ ಆದಾಯಕ್ಕೆ ತೆರಿಗೆಯಿಲ್ಲವೆಂದು ನಂಬಿ ಕೊಠಡಿಯ ಬಾಡಿಗೆಯನ್ನೂ ಅದೇ ಲೆಕ್ಕಕ್ಕೆ ಸೇರಿಸುವವರನ್ನು ಕಂಡಿದ್ದೇನೆ. ಬಾಡಿಗೆ ಕೃಷಿ ಆದಾಯವಲ್ಲ. ನಿಮ್ಮದೇ ಕಾಫಿಯನ್ನು ಹುರಿದು ಪುಡಿ ಮಾಡಿ ಅತಿಥಿಗಳಿಗೆ ಮಾರಿದರೂ ಆ ಲಾಭದ 40 ಶೇಕಡಾ ಭಾಗ ತೆರಿಗೆಗೆ ಒಳಪಡುತ್ತದೆ.

ಹಾಸನ ಜಿಲ್ಲೆಯೋ ಚಿಕ್ಕಮಗಳೂರೋ ಎಂದೂ ಕೇಳಿದ್ದೀರಿ. ಚಿಕ್ಕಮಗಳೂರಿಗೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗಳ ಹೆಸರಿದೆ, ಜಮೀನಿನ ಬೆಲೆಯಲ್ಲಿಯೂ ಅದು ಕಾಣುತ್ತದೆ. ನಮ್ಮ ಬೇಲೂರು, ಹಳೇಬೀಡುಗಳ ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದರಿಂದ, ಬೆಟ್ಟ ಹತ್ತುವ ಹುಡುಗರ ಬದಲು ಶಿಲ್ಪ ನೋಡಲು ಬರುವ ಹಿರಿಯರು ನಮ್ಮಲ್ಲಿ ಹೆಚ್ಚು ತಂಗುತ್ತಾರೆ. ಅವರು ಒಂಬತ್ತಕ್ಕೆಲ್ಲ ಮಲಗುತ್ತಾರೆ ಎಂಬುದು ನನ್ನ ಪಾಲಿನ ದೊಡ್ಡ ಅನುಕೂಲ. ಆದರೆ ಬೇಲೂರು, ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಆನೆಗಳ ಕಾಟ ವಿಪರೀತ. ಬೆಳಗಿನ ಮಂಜಿನಲ್ಲಿ ತೋಟ ಸುತ್ತಬೇಕೆಂದು ಅತಿಥಿಗಳು ಎಷ್ಟೇ ಕೇಳಿದರೂ, ಆಳುಗಳು ಬಂದು ತೋಟದಲ್ಲಿ ಆನೆ ಇಲ್ಲವೆಂದು ಹೇಳುವವರೆಗೆ ನಾನು ಗೇಟು ತೆಗೆಯುವುದಿಲ್ಲ.

ಗಿಡಗಳ ಬಗ್ಗೆ ಏನೂ ತಿಳಿಯದೆ ಬಂದ ನನಗೆ ಗಿಡ ಕಸಿ (ಕಾಫಿ ಗಿಡದ ರೆಂಬೆ ಸವರುವುದು), ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಇವುಗಳನ್ನು ಕಲಿಸಿದವರು ಹಳೆಯ ಯಜಮಾನರ ಕಾಲದಿಂದಲೂ ಇಲ್ಲಿಯೇ ಇರುವ ರೈಟರು, ಅಂದರೆ ತೋಟದ ಮೇಲ್ವಿಚಾರಕರು. ಅವರನ್ನು ಉಳಿಸಿಕೊಂಡದ್ದು ನಾನು ಮಾಡಿದ ಅತ್ಯಂತ ಬುದ್ಧಿವಂತಿಕೆಯ ಖರ್ಚು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಸ್ಥಾಪನೆಯಾದ ಕಾಫಿ ಸಂಶೋಧನಾ ಸಂಸ್ಥೆಯಿದೆ, ಕಾಫಿ ಮಂಡಳಿಯ ಸಂಪರ್ಕಾಧಿಕಾರಿಗಳಿದ್ದಾರೆ. ಕೇಳಲು ಸಂಕೋಚ ಬೇಡ. ಫಸಲು ಬರುತ್ತಿರುವ ತೋಟವನ್ನೇ ಕೊಳ್ಳಿ, ಏಕೆಂದರೆ ಹೊಸದಾಗಿ ನೆಟ್ಟ ಗಿಡ ಫಲ ಕೊಡಲು ಮೂರು ನಾಲ್ಕು ವರ್ಷ ಬೇಕು, ಅಷ್ಟು ಕಾಲ ಉಳಿತಾಯವನ್ನೇ ಕರಗಿಸಿ ಉಣ್ಣಬೇಕಾಗುತ್ತದೆ.

ಈಗ ನೀವು ಮಾಡಬಹುದಾದದ್ದು ಇಷ್ಟು. ಕೆಲಸದಲ್ಲಿದ್ದುಕೊಂಡೇ ಈ ಕಡೆ ಒಂದು ಮನೆಯನ್ನು ವರ್ಷದ ಮಟ್ಟಿಗೆ ಬಾಡಿಗೆಗೆ ಹಿಡಿದು ತಿಂಗಳಿಗೆರಡು ಬಾರಿಯಾದರೂ ಬನ್ನಿ. ಕೂಡಿಟ್ಟ ರಜೆಯನ್ನು ಡಿಸೆಂಬರ್‌ಗೆ ಉಳಿಸಬೇಡಿ, ಜುಲೈನಲ್ಲಿ ಹಾಕಿ. ಕರೆಂಟು ಮೂರು ದಿನ ಬಾರದೆ, ಬಟ್ಟೆ ವಾರವಿಡೀ ಒಣಗದೆ, ಕಾಲಿಗೆ ಇಂಬಳ (ಜಿಗಣೆ) ಹತ್ತಿ, ಕಾದಿರಿಸಿದ್ದ ಅತಿಥಿಗಳು ಮಳೆಯ ಸುದ್ದಿ ಕೇಳಿ ಹಣ ವಾಪಸು ಕೇಳುವ ಆ ತಿಂಗಳಲ್ಲಿ ನೀವೂ ನಿಮ್ಮ ಮನೆಯವರೂ ಹದಿನೈದು ದಿನ ಇಲ್ಲಿದ್ದು ನೋಡಿ. ಆಮೇಲೂ ಬರುವ ಮನಸ್ಸಿದ್ದರೆ ಜಮೀನು ಹುಡುಕಲು ಶುರುಮಾಡಿ.