ಪುಡಿಗೆ ವರ್ಗಾವಣೆ ಆದೇಶ ಕೊಟ್ಟವರು ಯಾರು?

ನಮಸ್ಕಾರ.

ನೀವು ಕಳಿಸಿದ ‘ಪುಟ್ಟ ಚಮಚದ ದೊಡ್ಡ ಕಥೆ’ ಪ್ರಬಂಧವನ್ನು ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೆಯ ಸಲ, ಆ ಸಿಟ್ಟು ಯಾಕೆ ಬಂತೆಂದು ತಿಳಿಯಲು ಓದಿದೆ. ಒಪ್ಪಿಗೆಯಾಗದ ಬರಹಕ್ಕೆ ಎರಡು ಸಾಲಿನ ವಿಷಾದಪತ್ರ ಕಳಿಸಿ ಕೈತೊಳೆದುಕೊಳ್ಳುವುದು ನನ್ನ ರೂಢಿ. ನಿಮಗೆ ಇಷ್ಟುದ್ದ ಬರೆಯುತ್ತಿರುವುದನ್ನು ಮರ್ಯಾದೆಯೆಂದೇ ತಿಳಿಯಿರಿ, ಓದುವಾಗ ಹಾಗೆ ಅನ್ನಿಸದಿದ್ದರೂ.

ಒಳ್ಳೆಯ ಮಾತನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಕಾಗುಣಿತದ ತಪ್ಪುಗಳಿಲ್ಲ. ವಿಷಯ ಹೊಸದು. ಕುಟ್ಟಾಣಿಯಲ್ಲಿ ಕುಟ್ಟಿದ ಮೂಲಿಕೆಯ ಪುಡಿಯನ್ನು ಸೀಸೆಗೆ ತುಂಬುವ ಬೆರಳುದ್ದದ ಹಿತ್ತಾಳೆ ಚಮಚದ ಮೇಲೆ ನಾಲ್ಕು ಪುಟ ಬರೆಯಬಹುದೆಂದು ನಿಮಗೆ ಹೊಳೆದದ್ದೇ ಸಂತೋಷ.

ಇನ್ನು ನಿಮ್ಮ ಮೂರನೆಯ ಪ್ಯಾರಾ. ಹೀಗೆ ಶುರುವಾಗುತ್ತದೆ: “ಅರೆದ ಮೂಲಿಕೆಯನ್ನು ಸದರಿ ಉಪಕರಣದ ಸಹಾಯದಿಂದ ಸಂಗ್ರಹಿಸಿ ಸೀಸೆಗೆ ವರ್ಗಾಯಿಸಲಾಗುತ್ತದೆ.”

‘ಅರೆದ’ ಎನ್ನುತ್ತೀರಿ. ಅರೆಯುವುದಕ್ಕೆ ನೀರೋ ಎಣ್ಣೆಯೋ ಬೇಕು. ಅರೆದದ್ದು ಮುದ್ದೆಯಾಗುತ್ತದೆ, ಅದನ್ನು ಬೆರಳಿನಿಂದ ಬಳಿದು ತೆಗೆಯಬೇಕಾಗುತ್ತದೆ, ನಿಮ್ಮ ಚಮಚಕ್ಕೆ ಅಲ್ಲಿ ಕೆಲಸವೇ ಇಲ್ಲ. ನೀವು ಹಿಂದಿನ ಪುಟದಲ್ಲಿ ಒಣಗಿಸಿದ್ದೀರಿ, ಕುಟ್ಟಿದ್ದೀರಿ, ಬಟ್ಟೆಯಲ್ಲಿ ಸೋಸಿದ್ದೀರಿ. ಹಾಗಿದ್ದ ಮೇಲೆ ಅದು ಕುಟ್ಟಿದ ಪುಡಿ. ಕುಟ್ಟುವುದು, ಬೀಸುವುದು, ಅರೆಯುವುದು, ತೇಯುವುದು ಎಂದು ನಮ್ಮವರು ನಾಲ್ಕು ಮಾತು ಇಟ್ಟುಕೊಂಡದ್ದು ಪದಕೋಶ ದಪ್ಪವಾಗಲಿ ಎಂದೇನಲ್ಲ. ನಾಲ್ಕರಲ್ಲಿ ಕೈ ಆಡುವ ರೀತಿಯೂ ಬೇರೆ, ಕೊನೆಗೆ ಸಿಗುವುದೂ ಬೇರೆ.

‘ಸದರಿ ಉಪಕರಣ’. ಎರಡು ಸಾಲು ಹಿಂದೆ ಅದು ಮುದ್ದಾದ ಚಮಚವಾಗಿತ್ತು. ಅಷ್ಟರಲ್ಲಿ ಪಂಚನಾಮೆಗೆ ಹೇಗೆ ಸೇರಿತು?

‘ವರ್ಗಾಯಿಸಲಾಗುತ್ತದೆ’. ನನ್ನ ಪೆನ್ನು ಇಲ್ಲಿ ನಿಂತಿತು. ಪುಡಿಗೆ ವರ್ಗಾವಣೆ ಆದೇಶ ಕೊಟ್ಟವರು ಯಾರು? ಪ್ರಯಾಣಭತ್ಯೆ ಮಂಜೂರಾಯಿತೇ? ಮುಂದಿನ ಸಾಲಿನಲ್ಲಿ ಇನ್ನೂ ಕಷ್ಟಕ್ಕೆ ಬರುತ್ತದೆ: “ಕುಟ್ಟಾಣಿಯ ತಳದಲ್ಲಿರುವ ಪುಡಿಯನ್ನು ಚಮಚದಿಂದ ತೆಗೆದುಹಾಕಬೇಕು.” ತೆಗೆದುಹಾಕುವುದೆಂದರೆ ಇಲ್ಲದಂತೆ ಮಾಡುವುದು. ಪಾಪದ ಪುಡಿ, ಮೊದಲ ಸಾಲಿನಲ್ಲಿ ವರ್ಗ, ಎರಡನೆಯ ಸಾಲಿನಲ್ಲಿ ವಜಾ.

ನಗಿಸಲು ಹೇಳುತ್ತಿಲ್ಲ. ಈ ಕೆಲಸಕ್ಕೆ ಕನ್ನಡದಲ್ಲಿ ಎಷ್ಟು ಕ್ರಿಯಾಪದಗಳಿವೆ ನೋಡಿ. ತುಂಬಿದ ಪಾತ್ರೆಯಿಂದ ಎತ್ತಿಕೊಂಡರೆ ಮೊಗೆಯುತ್ತೇವೆ. ಹರಡಿಕೊಂಡದ್ದನ್ನು ಒಟ್ಟುಮಾಡಿ ಎತ್ತಿದರೆ ಗೋರುತ್ತೇವೆ. ಗೋಡೆಗೆ ಅಂಟಿದ್ದನ್ನು ಕೆರೆಯುತ್ತೇವೆ, ತಳದಲ್ಲಿ ಉಳಿದದ್ದನ್ನು ಬಳಿಯುತ್ತೇವೆ. ಚಮಚದ ಮೇಲೆ ಗೋಪುರವಾಗಿ ನಿಂತದ್ದನ್ನು ಸವರುತ್ತೇವೆ. ಸೀಸೆಯ ಬಾಯಿ ದೊಡ್ಡದಿದ್ದರೆ ಸುರಿಯುತ್ತೇವೆ, ಚಿಕ್ಕದಿದ್ದರೆ ಚೂರುಚೂರೇ ಉದುರಿಸುತ್ತೇವೆ. ಕೊನೆಗೆ ಚಮಚವನ್ನು ಕೊಡವುತ್ತೇವೆ. ಇವುಗಳಲ್ಲಿ ಒಂದನ್ನಾದರೂ ಬರೆದಿದ್ದರೆ, ಕುಟ್ಟಾಣಿ ಎಷ್ಟು ಆಳ, ಸೀಸೆಯ ಕತ್ತು ಎಷ್ಟು ಸಪೂರ ಎಂದು ನೀವು ಬೇರೆ ವಿವರಿಸಬೇಕಾಗಿರಲಿಲ್ಲ. ನೀವು ವಿವರಿಸಿಯೂ ಇಲ್ಲ, ಅದು ಬೇರೆ ಮಾತು.

ಈ ರೋಗ ನನಗೂ ಇತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕರಡು ತಿದ್ದುವ ಮೇಜಿನ ತುದಿಯಲ್ಲಿ ನನಗೊಂದು ಸ್ಟೂಲು. ಎದುರಿಗೆ ಹಿರಿಯರೊಬ್ಬರು. ನಶ್ಯದ ಅಭ್ಯಾಸದವರು. ಎಲ್ಲರಂತೆ ಚಿಟಿಕೆಯಲ್ಲಿ ತೆಗೆಯುತ್ತಿರಲಿಲ್ಲ, ಡಬ್ಬಿಯ ಜೊತೆಗೆ ಬೆಂಕಿಕಡ್ಡಿಯುದ್ದದ ಒಂದು ಚಮಚ ಇಟ್ಟುಕೊಂಡಿದ್ದರು. ನನ್ನ ಮೊದಲ ಲೇಖನದಲ್ಲಿ ‘ಬಳಸಲಾಯಿತು’ ಹನ್ನೊಂದು ಕಡೆ ಇತ್ತು. ಹನ್ನೊಂದಕ್ಕೂ ಕೆಂಪು ಸುತ್ತು ಹಾಕಿ, ಡಬ್ಬಿ ತೆಗೆದು ನಶ್ಯ ಏರಿಸಿ, “ಈಗ ನಾನು ಏನು ಮಾಡಿದೆ ಹೇಳಯ್ಯ” ಎಂದರು.

“ನಶ್ಯ ಬಳಸಿದಿರಿ” ಎಂದೆ.

ಏನೂ ಹೇಳದೆ ಇನ್ನೊಮ್ಮೆ, ನಿಧಾನವಾಗಿ ಮಾಡಿ ತೋರಿಸಿದರು. ತೆರೆಯುವ ಮುಂಚೆ ಮುಚ್ಚಳದ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು, ಒಳಗೆ ಅಂಟಿದ ಪುಡಿ ಕೆಳಗೆ ಬೀಳಲಿ ಎಂದು. ಚಮಚವನ್ನು ಮಧ್ಯಕ್ಕೆ ಚುಚ್ಚಲಿಲ್ಲ, ಅಂಚಿನಿಂದ ಓರೆಯಾಗಿ ಗೋರಿದರು. ಹೆಚ್ಚಾದದ್ದನ್ನು ಡಬ್ಬಿಯ ಕಂಠಕ್ಕೆ ಸವರಿದರು. ಎಡಗೈ ಹೆಬ್ಬೆರಳಿನ ಬುಡದಲ್ಲಿ ಗುಳಿ ಬೀಳುತ್ತದಲ್ಲ, ಅಲ್ಲಿಗೆ ಉದುರಿಸಿದರು. ಚಮಚದಲ್ಲಿ ಉಳಿದ ಧೂಳನ್ನು ಡಬ್ಬಿಗೇ ಕೊಡವಿದರು. ನಾನು ಒಂದೊಂದನ್ನೇ ಒಪ್ಪಿಸಿದೆ. “ಐದಾಯಿತು. ನಿನ್ನ ‘ಬಳಸಿದಿರಿ’ಯೊಳಗೆ ಇದರಲ್ಲಿ ಎಷ್ಟಿದ್ದವು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ನನ್ನ ಲೇಖನದ ಮೇಲೆಯೇ ಸೀನಿದರು. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಕಂದು ಚುಕ್ಕೆಗಳು ಕೆಂಪು ಸುತ್ತುಗಳಿಗಿಂತ ಗಟ್ಟಿಯಾಗಿ ಉಳಿದಿವೆ.

ಎರಡನೆಯ ತಕರಾರು ನಾಲ್ಕನೆಯ ಪ್ಯಾರಾದ ಒಂದೇ ವಾಕ್ಯದ ಬಗ್ಗೆ: “ಚಮಚವನ್ನು ಬಗ್ಗಿಸಿದೊಡನೆ ಪುಡಿ ನೀರಿನಂತೆ ಸರಾಗವಾಗಿ ಹರಿದು ಸೀಸೆಯ ತಳ ಸೇರಿತು.”

ಸೇರಿರಲಾರದು. ಓದಿದ ಸಂಜೆ ನಾನೂ ಒಣ ಎಲೆಯನ್ನು ನುಣ್ಣಗೆ ಪುಡಿ ಮಾಡಿ, ಸಪೂರ ಕತ್ತಿನ ಔಷಧದ ಸೀಸೆಯೊಂದನ್ನು ಮುಂದಿಟ್ಟುಕೊಂಡು ಕುಳಿತೆ. ಚಮಚ ಬಗ್ಗಿಸಿದೆ. ಏನೂ ಆಗಲಿಲ್ಲ. ಇನ್ನಷ್ಟು ಬಗ್ಗಿಸಿದೆ. ಪುಡಿಯ ಗುಪ್ಪೆಯಲ್ಲಿ ಅಡ್ಡಕ್ಕೆ ಒಂದು ಬಿರುಕು ಕಾಣಿಸಿತು, ಅಷ್ಟೆ. ಆಮೇಲೆ ಅರ್ಧ ಗುಪ್ಪೆ ಒಂದೇ ಏಟಿಗೆ ದೊಪ್ಪನೆ ಕಳಚಿ, ಕಾಲುಭಾಗ ಸೀಸೆಯೊಳಗೆ, ಉಳಿದದ್ದು ಮೇಜಿನ ಮೇಲೆ. ಸೀಸೆಯ ಕತ್ತಿನಲ್ಲಿ ಪುಡಿ ಬಿರಡೆಯಂತೆ ಕಟ್ಟಿಕೊಂಡಿತು, ತಳವನ್ನು ಮೇಜಿಗೆ ಕುಟ್ಟಿದ ಮೇಲೆ ಇಳಿಯಿತು. ಚಮಚದ ಗುಳಿಯಲ್ಲಿ ಹಸಿರು ಲೇಪ ಹಾಗೇ ಉಳಿದಿತ್ತು.

ಮರಳು ಹರಿಯುತ್ತದೆ, ಸಾಸಿವೆ ಹರಿಯುತ್ತದೆ. ನುಣ್ಣನೆಯ ಪುಡಿ ಹರಿಯುವುದಿಲ್ಲ. ಕಣ ಸಣ್ಣದಾಗುತ್ತ ಹೋದ ಹಾಗೆ ಅದನ್ನು ಕೆಳಕ್ಕೆಳೆಯುವ ತೂಕ ತೀರ ಕಡಿಮೆಯಾಗಿ, ಪಕ್ಕದ ಕಣಕ್ಕೆ ಅಂಟಿಕೊಳ್ಳುವ ಸೆಳೆತವೇ ಮೇಲಾಗುತ್ತದೆ. ತೇವ ಸೋಕಿದರೆ ಗಂಟು ಕಟ್ಟುತ್ತದೆ. ಗಾಳಿ ಒಣಗಿದ್ದು ಚಮಚ ಪ್ಲಾಸ್ಟಿಕ್ಕಿನದಾಗಿದ್ದರೆ ಇನ್ನೊಂದು ಪೀಡೆ, ಉಜ್ಜಿದಾಗ ಹುಟ್ಟುವ ವಿದ್ಯುತ್ತಿಗೆ ಪುಡಿ ಚಮಚದ ಹಿಂಬದಿಗೂ ಹೋಗಿ ಮೆತ್ತಿಕೊಳ್ಳುತ್ತದೆ. ಇಷ್ಟೆಲ್ಲ ರಂಪ ಮಾಡುವುದರಿಂದಲೇ ಈ ಚಮಚದ ಬಾಯಿ ಸೀಸೆಯ ಬಾಯಿಗಿಂತ ಕಿರಿದಾಗಿರಬೇಕು, ತುದಿ ದೋಣಿಯ ಮೂತಿಯಂತೆ ಚೂಪಾಗಿರಬೇಕು, ಹಿಡಿಯ ಮೇಲೆ ತೋರುಬೆರಳಿನಿಂದ ತಟ್ಟುವಷ್ಟು ಜಾಗ ಬೇಕು. ನಿಮ್ಮ ಚಮಚದ ಆಕಾರದ ಕಾರಣವೆಲ್ಲ ಪುಡಿಯ ಈ ಹಟದಲ್ಲಿತ್ತು. ‘ನೀರಿನಂತೆ’ ಎಂದು ಬರೆದು ಚಮಚವನ್ನೇ ಅನಾವಶ್ಯಕ ಮಾಡಿಬಿಟ್ಟಿರಿ. (ನಾನು ಕೊನೆಗೆ ಗೆದ್ದದ್ದು ಒಂದು ಹಾಳೆಯನ್ನು ಉದ್ದಕ್ಕೆ ಮಡಚಿ, ಆ ಓಣಿಯಲ್ಲಿ ಪುಡಿಯನ್ನು ತಟ್ಟಿ ತಟ್ಟಿ ಇಳಿಸಿ. ಹಾಳೆ ನಿಮ್ಮ ಪ್ರಬಂಧದ್ದಲ್ಲ, ಹೆದರಬೇಡಿ.)

ಉಳಿದವನ್ನು ತಿದ್ದಲು ಹೋಗುವುದಿಲ್ಲ. ಆದರೂ ಕೈ ತಡೆಯದು, ಮೂರು ಮಾತು. ‘ಒಂದು ಚಮಚ, ಅಂದರೆ 5 ಗ್ರಾಂ’ ಎಂಬುದನ್ನು ಹೊಡೆದುಹಾಕಿ. ಅಳತೆಯ ಚಿಕ್ಕ ಚಮಚ ಹಿಡಿಯುವುದು 5 ಮಿಲಿಲೀಟರ್. ನೀರಾದರೆ 5 ಗ್ರಾಂ ತೂಗೀತು, ಒಣ ಎಲೆಯ ಪುಡಿ ಅದರ ಅರ್ಧವೂ ತೂಗುವುದಿಲ್ಲ. ಔಷಧದ ವಿಷಯದಲ್ಲಿ ಇದು ಹುಡುಗಾಟವಲ್ಲ. ‘ಅನಾದಿ ಕಾಲದಿಂದಲೂ ಮಾನವನು’ ಎಂಬ ಆರಂಭವೂ ಹೋಗಲಿ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ರೋಮನ್ನರ ಊರು ಪೊಂಪೈಯಲ್ಲಿ ವೈದ್ಯರ ಸಲಕರಣೆಗಳು ಸಿಕ್ಕಿವೆ. ರೋಮನ್ನರ ವೈದ್ಯರು ಇಟ್ಟುಕೊಳ್ಳುತ್ತಿದ್ದ ಲೋಹದ ಕಡ್ಡಿಯೊಂದಕ್ಕೆ ಒಂದು ತುದಿಯಲ್ಲಿ ಚಪ್ಪಟೆ ಅಲಗು, ಇನ್ನೊಂದು ತುದಿಯಲ್ಲಿ ಮದ್ದು ಕಲಸಲು ಆಲಿವ್ ಕಾಯಿಯಂಥ ಗುಂಡು. ಅನಾದಿ ಕಾಲಕ್ಕಿಂತ ಆ ಗುಂಡು ನನಗೆ ಹೆಚ್ಚು ಇಷ್ಟ. ಮತ್ತೆ, ‘ಕಬ್ಬಿಣದ ಚಮಚ ಬೇಡ, ಪುಡಿ ಕಪ್ಪಾಗುತ್ತದೆ’ ಎಂದು ಒಂದೇ ಸಾಲು ಗೀಚಿ ಓಡಿದ್ದೀರಿ. ಒಗರು ಮೂಲಿಕೆಯಲ್ಲಿರುವ ಟ್ಯಾನಿನ್ ತೇವದಲ್ಲಿ ಕಬ್ಬಿಣದೊಂದಿಗೆ ಸೇರಿ ಹುಟ್ಟುವ ಆ ಕಪ್ಪಿನಿಂದಲೇ ಯುರೋಪಿನವರು ಶತಮಾನಗಟ್ಟಲೆ ಬರೆಯುವ ಶಾಯಿ ಮಾಡಿಕೊಂಡಿದ್ದರು. ಬರೆಯುವವರಾಗಿ ನೀವು ಅಲ್ಲಿ ಒಂದು ಕ್ಷಣವೂ ನಿಲ್ಲಲಿಲ್ಲವಲ್ಲ!

ಪ್ರಬಂಧವನ್ನು ಈ ಪತ್ರದ ಜೊತೆ ಹಿಂದಕ್ಕೆ ಕಳಿಸುತ್ತಿದ್ದೇನೆ. ಕಸದಬುಟ್ಟಿಗೆ ಹಾಕದೆ ಇಟ್ಟುಕೊಂಡದ್ದಕ್ಕೆ ಕಾರಣ ಎರಡನೆಯ ಪುಟದ ಕೊನೆಯಲ್ಲಿ ನೀವು ಗಮನಿಸಿಯೂ ಗಮನಿಸದಂತೆ ಬರೆದಿರುವ ಐದು ಪದ: “ಚಮಚದ ಎಡ ಅಂಚು ಸ್ವಲ್ಪ ಸವೆದಿದೆ.” ಹಿತ್ತಾಳೆಯನ್ನು ಕಲ್ಲಿನ ಕುಟ್ಟಾಣಿಯ ಗೋಡೆಗೆ ಒಂದೇ ಬದಿಯಿಂದ ವರ್ಷಾನುಗಟ್ಟಲೆ ಯಾರೋ ಕೆರೆದಿದ್ದಾರೆ. ಯಾರು? ಬಲಗೈಯವರೋ ಎಡಗೈಯವರೋ? ಚಮಚವನ್ನು ತಮ್ಮ ಕಡೆಗೆ ಎಳೆಯುತ್ತಿದ್ದರೋ, ಆಚೆಗೆ ತಳ್ಳುತ್ತಿದ್ದರೋ? ಚಮಚವನ್ನು ಕೈಯಲ್ಲಿ ಹಿಡಿದು ನೋಡಿದರೆ ಗೊತ್ತಾಗಬೇಕು. ನೋಡಿ, ಅಲ್ಲಿಂದಲೇ ಶುರುಮಾಡಿ ಮತ್ತೆ ಬರೆದು ಕಳಿಸಿ. ಎರಡು ಪುಟ ಸಾಕು.