ಹೆಪ್ಪು ತೆಗೆದ ಮೇಲೂ ಮೆದುಳಲ್ಲಿ ರಕ್ತಸ್ರಾವವೇ?

ಪ್ರಶ್ನೆ: ಅಪ್ಪನಿಗೆ 66 ವರ್ಷ, ಶುಗರ್ ಇದೆ. ಮೊನ್ನೆ ಎಡಗಡೆ ಸ್ವಾಧೀನ ತಪ್ಪಿ ಬಿದ್ದರು. ಗೊರಗುಂಟೆಪಾಳ್ಯದ ಟ್ರಾಫಿಕ್ ದಾಟಿ ಬೆಂಗಳೂರಿನ ಆಸ್ಪತ್ರೆ ಸೇರುವಷ್ಟರಲ್ಲಿ ನಾಲ್ಕು ಗಂಟೆಯಾಗಿತ್ತು. ಪಾರ್ಶ್ವವಾಯು ಎಂದು, ತೊಡೆಸಂದಿನಿಂದ ಟ್ಯೂಬ್ ಹಾಕಿ ಮೆದುಳಿನ ರಕ್ತನಾಳದ ಹೆಪ್ಪು ತೆಗೆದು, ನಾಳ ಪೂರ್ತಿ ತೆರೆದಿದೆ ಎಂದರು. ಮರುದಿನದ ಸ್ಕ್ಯಾನ್ ನೋಡಿ ರಕ್ತಸ್ರಾವ ಅನ್ನುತ್ತಿದ್ದಾರೆ. ತೊಡೆಯೂ ಕಪ್ಪಾಗಿದೆ. ಡಾಕ್ಟರ ಕೈ ತಪ್ಪಿತೇ? ಒಪ್ಪಿಗೆಗೆ ಸಹಿ ಹಾಕಿದ್ದು ನಾನೇ.
— ಹೆಸರು ಬೇಡ, ನೆಲಮಂಗಲ

ಉತ್ತರ: ಮೊದಲು ಒಂದು ವಿಷಯ ಕೇಳಿಕೊಳ್ಳಿ: ಸ್ಕ್ಯಾನ್‌ನಲ್ಲಿ ಬೆಳ್ಳಗೆ ಕಂಡದ್ದು ನಿಜಕ್ಕೂ ರಕ್ತವೇ? ಚಿಕಿತ್ಸೆ ವೇಳೆ ರಕ್ತನಾಳ ಪರದೆಯಲ್ಲಿ ಕಾಣಲೆಂದು ಕೊಟ್ಟ ಕಾಂಟ್ರಾಸ್ಟ್ ಔಷಧಿಯೂ ಹಾನಿಯಾದ ಭಾಗದಲ್ಲಿ ಸೋರಿ ನಿಂತು ಹಾಗೇ ಕಾಣುತ್ತದೆ. ಅದು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮಾಯವಾಗುತ್ತದೆ, ರಕ್ತ ಹಾಗಲ್ಲ. ಅದಕ್ಕೇ ಮತ್ತೊಂದು ಸ್ಕ್ಯಾನ್ ಮಾಡುವುದು.

ರಕ್ತವೇ ಆಗಿದ್ದರೂ ಕೈತಪ್ಪು ಎನ್ನಲಾಗದು. ಬಿರುಕುಬಿಟ್ಟ ಕಾಲುವೆಗೆ ಒಮ್ಮೆಲೇ ನೀರು ಬಿಟ್ಟರೆ ಏರಿ ಒಡೆಯುವುದುಂಟಲ್ಲ, ಗಂಟೆಗಟ್ಟಲೆ ರಕ್ತವಿಲ್ಲದೆ ಸೊರಗಿದ ಸಣ್ಣ ನಾಳಗಳ ಪಾಡೂ ಅದೇ. ಇದೇ ಚಿಕಿತ್ಸೆಯ ಐದು ಪ್ರಯೋಗಗಳ 1287 ರೋಗಿಗಳ ಲೆಕ್ಕ 2016ರಲ್ಲಿ ಒಟ್ಟಿಗೆ ಪ್ರಕಟವಾಯಿತು. ಸ್ಥಿತಿ ಬಿಗಡಾಯಿಸುವಂಥ ರಕ್ತಸ್ರಾವ ಹೆಪ್ಪು ತೆಗೆಸಿಕೊಂಡವರಲ್ಲಿ ಶೇ 4.4, ತೆಗೆಸಿಕೊಳ್ಳದವರಲ್ಲಿ ಶೇ 4.3. ಆದರೆ ಮೂರು ತಿಂಗಳ ಬಳಿಕ ಸ್ವತಂತ್ರವಾಗಿ ಬದುಕುವಂತಾದವರು ಹೆಪ್ಪು ತೆಗೆಸಿಕೊಂಡವರಲ್ಲಿ ಶೇ 46. ತೆಗೆಸಿಕೊಳ್ಳದವರಲ್ಲಿ ಶೇ 26.5. ನಿಮ್ಮ ಸಹಿಗೆ ಪಶ್ಚಾತ್ತಾಪ ಬೇಡ.

ಚಿಕಿತ್ಸೆಯಿಂದಲೇ ಬರುವ ತೊಂದರೆಗಳೂ ಇವೆ, ಮುಚ್ಚಿಡುವುದಿಲ್ಲ. ಟ್ಯೂಬಿನ ಜೊತೆ ಒಳಹೋಗುವ ತಂತಿ ನಾಳವನ್ನು ಚುಚ್ಚಬಹುದು, ಗೋಡೆಯ ಒಳಪದರ ಸೀಳಬಹುದು, ಹೆಪ್ಪಿನ ಚೂರು ಇನ್ನೊಂದು ನಾಳಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ನಾಳ ಚುಚ್ಚಿದರೆ ಹೆಚ್ಚಾಗಿ ಆಗಲೇ ಪರದೆಯ ಮೇಲೆ ಕಾಂಟ್ರಾಸ್ಟ್ ಸೋರುವುದು ಕಾಣುತ್ತದೆ. ಹಾಗಾಗಿತ್ತೇ ಎಂದು ನೇರವಾಗಿ ಕೇಳಿ. ಕೇಳುವ ಹಕ್ಕು ನಿಮಗಿದೆ.

ತೊಡೆಯ ಕಪ್ಪು ಬಹುತೇಕ ತಾನಾಗೇ ಹೋಗುತ್ತದೆ. ಊತ ಹೆಚ್ಚುತ್ತಿದ್ದರೆ, ಮುಟ್ಟಿದರೆ ಮಿಡಿಯುತ್ತಿದ್ದರೆ, ಪಾದ ತಣ್ಣಗಾದರೆ, ಸೊಂಟ ನೋವಿನ ಜೊತೆ ಬಿಪಿ ಬಿದ್ದರೆ ಕೂಡಲೇ ಸಿಸ್ಟರ್‌ಗೆ ಹೇಳಿ. ಕಾಂಟ್ರಾಸ್ಟ್ ಕೊಟ್ಟಿದ್ದಾರೆ, ಶುಗರೂ ಇದೆ; ಅದಕ್ಕೇ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಕೂಡ ಮಾಡಿಸಿ.

ಇನ್ನು ಬಿಪಿ. ಹೆಪ್ಪು ತೆಗೆದ ಮೊದಲ ದಿನ 180/105 ದಾಟದಂತೆ ನೋಡಿಕೊಳ್ಳುತ್ತಾರೆ. 150 ಕಂಡ ಕೂಡಲೇ 'ಇಳಿಸಿ, ಇಳಿಸಿ' ಎಂದು ನೆಂಟರೆಲ್ಲ ಗದ್ದಲ ಮಾಡುವುದನ್ನು ನೋಡುತ್ತಲೇ ಇರುತ್ತೇನೆ. ಅತಿಯಾಗಿ ಇಳಿಸಿದರೂ ಮೆದುಳಿಗೆ ಕೇಡು. ರಕ್ತಸ್ರಾವವಿದ್ದರೆ ಮಿತಿ ಬೇರೆಯಾಗಬಹುದು, ಅದನ್ನು ಅಲ್ಲಿನ ವೈದ್ಯರಿಗೇ ಬಿಡಿ. ಮತ್ತೆ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್ ಯಾವಾಗ ಶುರು ಎಂಬುದನ್ನೂ ಅವರೇ ಸ್ಕ್ಯಾನ್ ನೋಡಿ ಹೇಳಲಿ.