ಒಳ್ಳೆಯದಕ್ಕೇ ಮಾಡಿದೆ, ಅವರಿಗೇಕೆ ಹಾಗೆ ಕಾಣಿಸಿತು?

ಪ್ರಶ್ನೆ: ನನಗೆ 36 ವರ್ಷ. ಕಾಲೇಜಿನಿಂದಲೂ ನಾವು ಐದು ಜನ ಗೆಳತಿಯರು. ಎಲ್ಲಿಗಾದರೂ ಹೋಗುವುದಿದ್ದರೆ ಟಿಕೆಟ್, ರೂಮು, ಹಣದ ಲೆಕ್ಕ ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ. ಯಾರಿಗೂ ತೊಂದರೆಯಾಗಬಾರದು, ಅಷ್ಟೇ ನನ್ನ ಆಸೆ. ಇತ್ತೀಚೆಗೆ ಅವರು ನನ್ನನ್ನು ಬಿಟ್ಟು ಬೇರೆ ವಾಟ್ಸ್ಯಾಪ್ ಗ್ರೂಪ್ ಮಾಡಿಕೊಂಡು ಪ್ರವಾಸಕ್ಕೆ ಹೋಗಿಬಂದರು. ಫೋಟೋ ನೋಡಿ ನನಗೆ ಗೊತ್ತಾಯಿತು. ಒಬ್ಬಳನ್ನು ಕೇಳಿದ್ದಕ್ಕೆ, "ನೀನಿದ್ದರೆ ಎಲ್ಲಾ ನೀನು ಹೇಳಿದ ಹಾಗೇ ಆಗಬೇಕು, ನಮಗೆ ಉಸಿರು ಕಟ್ಟುತ್ತೆ" ಎಂದಳು. ಅಳುತ್ತಾ ಅಕ್ಕನಿಗೆ ಹೇಳಿದರೆ ಅವಳು, "ಇಷ್ಟು ದಿನ ನಿನಗೆ ಗೊತ್ತೇ ಇರಲಿಲ್ವಾ?" ಎಂದು ನಕ್ಕಳು. ನಾನು ಹಾಗಿಲ್ಲ. ಈಗ ಯಾರ ಜೊತೆ ಮಾತಾಡಿದರೂ ರಾತ್ರಿ ಒಂದೊಂದು ಮಾತನ್ನೂ ನೆನೆಸಿಕೊಂಡು ಒದ್ದಾಡುತ್ತೇನೆ. ಗೆಳತಿಯರಿಗೆ ಕಳಿಸಲು ಉದ್ದದ ಮೆಸೇಜ್ ಬರೆದಿಟ್ಟಿದ್ದೇನೆ. ಕಳಿಸಲಾ? ನಿಜವಾದ ನಾನು ಯಾರು? ನನಗೆ ಗೊತ್ತಿರುವವಳಾ, ಅವರು ಹೇಳುವವಳಾ?

ಉತ್ತರ: ಮೊದಲು ಮೆಸೇಜಿನ ವಿಷಯ. ಕಳಿಸಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಿಮ್ಮ ಗೆಳತಿಯರು ಮಾಡಿದ್ದು ಸರಿಯಲ್ಲ. ಇಷ್ಟು ವರ್ಷ ನೀವು ಮಾಡಿದ ಏರ್ಪಾಡಿನಲ್ಲೇ ಹಾಯಾಗಿ ಓಡಾಡಿದರು. ಒಂದು ದಿನವೂ ಎದುರಿಗೆ ಹೇಳಲಿಲ್ಲ. ಕೊನೆಗೆ ನಿಮಗೆ ಗೊತ್ತಾಗದ ಹಾಗೆ ಹೊರಟುಬಿಟ್ಟರು. ಮುಖ ನೋಡಿ ಹೇಳುವ ಧೈರ್ಯ ಇಲ್ಲದವರು ಮಾಡುವ ಕೆಲಸ ಅದು. ನಿಮಗೆ ನೋವಾಗಿದ್ದು ಸಹಜ. ಆದರೆ ಅವರು ನಡೆದುಕೊಂಡ ರೀತಿ ತಪ್ಪು ಅಂದ ಮಾತ್ರಕ್ಕೆ ಅವರು ಹೇಳಿದ್ದು ಸುಳ್ಳಾಗುವುದಿಲ್ಲ. ಕೋಪದಲ್ಲಿ ಇವೆರಡೂ ಒಂದೇ ಅನ್ನಿಸಿಬಿಡುತ್ತವೆ, ಸ್ವಲ್ಪ ಹುಷಾರಾಗಿರಿ.

ನಿಮ್ಮ ಪತ್ರ ಇನ್ನೂ ಉದ್ದವಿತ್ತು, ಇಲ್ಲಿ ಚಿಕ್ಕದು ಮಾಡಿ ಹಾಕಿದ್ದೇನೆ. ಗೆಳತಿಯರಿಗಾಗಿ ನೀವು ಮಾಡಿದ್ದೆಲ್ಲ ಅದರಲ್ಲಿದೆ. ಯಾವ ರೂಮು, ಯಾವ ಬಸ್ಸು, ಎಷ್ಟು ಹೊತ್ತಿಗೆ ಹೊರಡಬೇಕು, ಯಾರ ಪಕ್ಕ ಯಾರು ಮಲಗಬೇಕು. ನಿಮಗೇನು ಇಷ್ಟ ಎಂದು ಅವರನ್ನು ಕೇಳಿದ್ದು ಮಾತ್ರ ಎಲ್ಲೂ ಸಿಗಲಿಲ್ಲ. ಒಬ್ಬಳಿಗೆ ಬೆಳಗ್ಗೆ ಬೇಗ ಏಳುವುದು ಆಗುವುದಿಲ್ಲ ಎಂದು ಗೊತ್ತಿದ್ದೂ, "ಆಮೇಲೆ ಅವಳೇ ಥ್ಯಾಂಕ್ಸ್ ಹೇಳುತ್ತಾಳೆ" ಅಂದುಕೊಂಡು ಎಲ್ಲರಿಗೂ ಆರು ಗಂಟೆಯ ಬಸ್ಸನ್ನೇ ಬುಕ್ ಮಾಡಿದಿರಂತೆ. ಅವಳು ಥ್ಯಾಂಕ್ಸ್ ಹೇಳಿದಳಾ? ಅದನ್ನು ನೀವು ಬರೆದಿಲ್ಲ.

ಇದನ್ನು ನಿಮ್ಮನ್ನು ಚುಚ್ಚುವುದಕ್ಕೆ ಹೇಳುತ್ತಿಲ್ಲ. ಆ ಬಸ್ಸು ಬುಕ್ ಮಾಡುವಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು? ಬಿಸಿಲೇರುವ ಮೊದಲು ತಲುಪಲಿ, ಎಲ್ಲರಿಗೂ ಪೂರ್ತಿ ದಿನ ಸಿಗಲಿ ಎಂಬ ಕಾಳಜಿ. ಅದು ನಿಮ್ಮೊಳಗೆ ಎಷ್ಟು ಜೋರಾಗಿ ಇತ್ತೆಂದರೆ, ಅವರಿಗೂ ಕೇಳಿಸಿಯೇ ಇರುತ್ತದೆ ಅಂದುಕೊಂಡಿರಿ. ಅವರಿಗೆ ತಲುಪಿದ್ದು ಮಾತ್ರ "ಆರು ಗಂಟೆಗೆ ರೆಡಿ ಇರಿ" ಎಂಬ ಒಂದೇ ಸಾಲು.

1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ ಒಂದು ಸರಳ ಪ್ರಯೋಗ ಮಾಡಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ತಾಳವನ್ನು ಮೇಜಿನ ಮೇಲೆ ಬೆರಳಲ್ಲಿ ಬಡಿಯಬೇಕು, ಎದುರಿಗಿದ್ದವರು ಅದು ಯಾವ ಹಾಡು ಎಂದು ಹೇಳಬೇಕು. ಸುಮಾರು ಅರ್ಧದಷ್ಟು ಸಲ ಗೊತ್ತಾಗುತ್ತದೆ ಎಂದು ಬಡಿಯುವವರು ನಂಬಿದ್ದರು. 120 ಹಾಡುಗಳಲ್ಲಿ ಕೇಳುವವರು ಸರಿಯಾಗಿ ಹೇಳಿದ್ದು ಮೂರು. ಬಡಿಯುವವರ ತಲೆಯಲ್ಲಿ ಪೂರ್ತಿ ಹಾಡೇ ಓಡುತ್ತಿರುತ್ತದೆ, ಎದುರಿನವರಿಗೆ ಕೇಳುವುದು ಬರೀ ಟಕ್ ಟಕ್. ಬಡಿಯುವವರಿಗೆ ಆಶ್ಚರ್ಯ, ಇಷ್ಟು ಸುಲಭದ್ದೂ ಗೊತ್ತಾಗಲಿಲ್ವಾ ಅಂತ! ನಿಮ್ಮ ಪತ್ರದಲ್ಲಿ ಇರುವುದೂ ಹೆಚ್ಚು ಕಡಿಮೆ ಇದೇ ಆಶ್ಚರ್ಯ.

ಈಗ ನಿಮ್ಮ ದೊಡ್ಡ ಪ್ರಶ್ನೆ, ನಿಜವಾದವಳು ಯಾರು ಎಂಬುದು. ಇಬ್ಬರಲ್ಲಿ ಒಬ್ಬಳನ್ನು ಆರಿಸಬೇಕು ಎಂದು ನೀವು ಅಂದುಕೊಂಡಿದ್ದೀರಿ. ನನ್ನ ಪ್ರಕಾರ ಪ್ರಶ್ನೆ ಕೇಳಿದ ರೀತಿಯೇ ಸರಿಯಿಲ್ಲ. ಯಾವ ವಿಷಯಕ್ಕೆ ಯಾರ ಮಾತು ನಂಬಬೇಕು ಎಂದು ಕೇಳಿ, ಆಗ ಉತ್ತರ ಸಿಗುತ್ತದೆ. ಸಿಮಿನ್ ವಜೀರ್ ಎಂಬ ಮನಶ್ಶಾಸ್ತ್ರಜ್ಞೆ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ನೋಡಿದ್ದರು. ಆತಂಕ, ಕೀಳರಿಮೆಯಂಥ ಒಳಗಿನ ಸಂಗತಿಗಳಲ್ಲಿ ಅವರವರ ಅಂದಾಜೇ ಹೆಚ್ಚು ಸರಿ ಇತ್ತು. ಬುದ್ಧಿವಂತಿಕೆ, ಹೊಸದಾಗಿ ಯೋಚಿಸುವ ಶಕ್ತಿ ಇಂಥ ವಿಷಯಗಳಲ್ಲಿ ಸ್ನೇಹಿತರ ಅಂದಾಜು ಸರಿ ಬಂತು. ಯಾಕೆಂದರೆ ನಮ್ಮನ್ನು ಒಳ್ಳೆಯವರೋ ಕೆಟ್ಟವರೋ ಮಾಡಿ ತೋರಿಸುವ ಗುಣಗಳನ್ನು ಅಳೆಯುವಾಗ ನಾವು ನಮಗೆ ಬೇಕಾದ ಹಾಗೆ ಅಳೆದುಕೊಳ್ಳುತ್ತೇವೆ.

ಹಾಗಾಗಿ, ನೀವು ಯಾಕೆ ಮಾಡಿದಿರಿ ಎಂಬುದಕ್ಕೆ ನೀವೇ ಸಾಕ್ಷಿ. "ಅವಳಿಗೆ ಅಧಿಕಾರದ ಹುಚ್ಚು" ಎಂದು ಯಾರಾದರೂ ಅಂದರೆ ಒಪ್ಪಿಕೊಳ್ಳಬೇಡಿ. ಅದು ಅವರಿಗೆ ಗೊತ್ತಿರಲು ಸಾಧ್ಯವಿಲ್ಲ. ಆದರೆ ನಿಮ್ಮ ಜೊತೆ ಎರಡು ದಿನ ಇರುವುದು ಹೇಗಿರುತ್ತದೆ ಎಂಬುದು ನಿಮಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ನೀವು ಒಂದು ದಿನವೂ ನಿಮ್ಮ ಜೊತೆ ಪ್ರವಾಸ ಹೋದವರಲ್ಲ. ಅದನ್ನು ಅವರೇ ಹೇಳಬೇಕು. ಉಸಿರು ಕಟ್ಟುತ್ತೆ ಅಂದರೆ, ಅವರಿಗೆ ಉಸಿರು ಕಟ್ಟಿದೆ. ಅದರಲ್ಲಿ ವಾದ ಮಾಡುವುದಕ್ಕೆ ಏನಿದೆ?

ಒಬ್ಬಳೇ ಗೆಳತಿ ಹೇಳಿದ್ದರೆ ನಾನೂ ಇಷ್ಟು ಖಚಿತವಾಗಿ ಹೇಳುತ್ತಿರಲಿಲ್ಲ. ಒಟ್ಟಿಗೆ ಇರುವವರು ಒಬ್ಬರ ಅಭಿಪ್ರಾಯವನ್ನು ಇನ್ನೊಬ್ಬರು ಉಬ್ಬಿಸುವುದುಂಟು. ಆದರೆ ಅಕ್ಕ ಆ ಗುಂಪಿಗೆ ಸೇರಿದವರಲ್ಲ. ಅವರು ನಿಮ್ಮನ್ನು ನೋಡಿದ್ದು ಬೇರೆ ಮನೆಯಲ್ಲಿ, ಬೇರೆ ಸಂದರ್ಭದಲ್ಲಿ. ಅಲ್ಲಿಂದಲೂ ಅದೇ ಮಾತು ಬಂತು ಅಂದರೆ ಸ್ವಲ್ಪ ಕಿವಿಗೊಡಬೇಕು. ಅವರು ಆ ಹೊತ್ತಿಗೆ ನಗಬಾರದಿತ್ತು, ಅದು ಬೇರೆ ಮಾತು.

ರಾತ್ರಿ ಒದ್ದಾಟದ ಬಗ್ಗೆ ಒಂದು ಮಾತು. ನೀವು ಈಗ ಇನ್ನೊಂದು ತುದಿಗೆ ಹೋಗುತ್ತಿದ್ದೀರಿ. ಆಡಿದ ಪ್ರತಿ ಮಾತನ್ನೂ ಎಲ್ಲರೂ ನೆನಪಿಟ್ಟುಕೊಂಡು ತೂಗುತ್ತಿದ್ದಾರೆ ಎಂಬ ಭಾವನೆ. 2000ದಲ್ಲಿ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ವಿದ್ಯಾರ್ಥಿಗಳಿಗೆ ಮುಜುಗರ ತರುವಂಥ ಚಿತ್ರದ ಟೀ ಶರ್ಟ್ ಹಾಕಿಸಿ ಜನರಿದ್ದ ಕೋಣೆಗೆ ಕಳಿಸಿದರು. ಸುಮಾರು ಅರ್ಧದಷ್ಟು ಜನ ಗಮನಿಸಿರುತ್ತಾರೆ ಎಂದು ಹಾಕಿಕೊಂಡವರು ಅಂದುಕೊಂಡರು. ನಿಜಕ್ಕೂ ಗಮನಿಸಿದ್ದು ಸುಮಾರು ಕಾಲು ಭಾಗ. ಜನ ನಮ್ಮನ್ನು ನಾವಂದುಕೊಂಡಷ್ಟು ನೋಡುತ್ತಿರುವುದಿಲ್ಲ. ನಿನ್ನೆ ಲಿಫ್ಟಿನಲ್ಲಿ ಯಾರೋ ಸಹೋದ್ಯೋಗಿಯ ಜೊತೆ ನೀವಾಡಿದ ಮಾತು ಅವರಿಗೆ ನೆನಪಿರುವುದೂ ಅನುಮಾನ. ಗೆಳತಿಯರು ಹೇಳಿದ್ದು ಒಂದು ಮಾತಿನ ಬಗ್ಗೆ ಅಲ್ಲ, ಎಷ್ಟೋ ವರ್ಷಗಳ ಒಂದು ಅಭ್ಯಾಸದ ಬಗ್ಗೆ. ಅದೊಂದನ್ನು ಸರಿ ಮಾಡಿಕೊಳ್ಳಲು ನಿಮ್ಮನ್ನು ನೀವೇ ಪೂರ್ತಿ ಅನುಮಾನಿಸಬೇಕಿಲ್ಲ.

ಈಗ ಆ ಮೆಸೇಜ್. ಅದರಲ್ಲಿ ಏನಿರಬಹುದು ಎಂದು ಊಹಿಸಬಲ್ಲೆ. ನನ್ನ ಉದ್ದೇಶ ಹೀಗಿತ್ತು, ನಾನು ಇದಿಷ್ಟು ಮಾಡಿದೆ, ನೀವು ನನ್ನನ್ನು ತಪ್ಪು ತಿಳಿದಿರಿ. ಒಂದೊಂದೂ ನಿಜವೇ ಇರಬಹುದು. ಆದರೆ ಓದುವವರಿಗೆ ಅದು, ತಮಗೆ ಏನನ್ನಿಸಬೇಕು ಎಂಬುದನ್ನೂ ನೀವೇ ತೀರ್ಮಾನ ಮಾಡಿ ಕಳಿಸಿದ ಹಾಗೆ ಕಾಣುತ್ತದೆ. ಅವರ ದೂರೇ ಅದಲ್ವಾ?

ಅದರ ಬದಲು, ನೇರವಾಗಿ ಹೇಳಿದಳಲ್ಲ, ಆ ಗೆಳತಿಯ ಜೊತೆ ಮಾತಾಡಿ. ಉಳಿದವರು ಬೇಡ, ಗ್ರೂಪ್ ಅಂತೂ ಬೇಡವೇ ಬೇಡ. ಸತ್ಯ ಹೇಳಿದವಳು ಅವಳೊಬ್ಬಳೇ. "ನಾನು ಎಂಥವಳು?" ಎಂದು ಕೇಳಬೇಡಿ. ಹಾಗೆ ಕೇಳಿದರೆ ಸಮಾಧಾನದ ಮಾತು ಸಿಗುತ್ತದೆ, ಇಲ್ಲವೇ ಜಗಳ. ಒಂದೇ ಒಂದು ಘಟನೆ ಹಿಡಿದು ಕೇಳಿ: "ಆ ಆರು ಗಂಟೆಯ ಬಸ್ಸಿನ ದಿನ ನಿನಗೆ ಏನನ್ನಿಸಿತ್ತು?" ಅವಳು ಹೇಳುವಾಗ ನಡುವೆ "ಇಲ್ಲ, ನಾನು ಯಾಕೆ ಹಾಗೆ ಮಾಡಿದೆ ಅಂದರೆ" ಎಂದು ಶುರು ಮಾಡಬೇಡಿ. ನಾಲಿಗೆ ತುದಿಗೆ ಬರುತ್ತದೆ, ತಡೆದುಕೊಳ್ಳಿ. ವಿವರಣೆ ಇನ್ನೊಂದು ದಿನ ಕೊಡಬಹುದು. ಅವತ್ತು ನೀವು ಮಾಡಿದ್ದರಲ್ಲಿ ಏನು ತಪ್ಪಿತ್ತು ಎಂದೂ ಕೇಳಿ, ನಿಮಗಾದ ನೋವನ್ನೂ ಹೇಳಿ. ಬೇರೆ ಗ್ರೂಪ್ ಮಾಡಿದ್ದು ನಿಮಗೆ ಎಷ್ಟು ಕೆಟ್ಟದೆನಿಸಿತು ಎಂಬುದು ಅವರಿಗೂ ಪೂರ್ತಿ ಗೊತ್ತಿರಲಿಕ್ಕಿಲ್ಲ.

ಇನ್ನೊಂದು ಊಹೆ ಇದೆ, ತಪ್ಪಿದ್ದರೆ ಬಿಟ್ಟುಬಿಡಿ. ಕೆಲಸಕ್ಕೆ ಬರದಿದ್ದರೆ ನನ್ನನ್ನು ಯಾರೂ ಜೊತೆಗೆ ಇಟ್ಟುಕೊಳ್ಳುವುದಿಲ್ಲ ಎಂಬ ಭಯ ನಿಮ್ಮಲ್ಲಿ ಎಲ್ಲೋ ಇರಬಹುದು. ಎಲ್ಲವನ್ನೂ ತಾವೇ ಮೈಮೇಲೆ ಹಾಕಿಕೊಳ್ಳುವ ಎಷ್ಟೋ ಜನರಲ್ಲಿ ಅದಿರುತ್ತದೆ. ಹೌದಾದರೆ, ಸುಮ್ನೆ ಕೂತು ಬೇರೆಯವರು ಮಾಡಿದ ಏರ್ಪಾಡಿಗೆ ಹೋಗಿ ನೋಡಿ. ರೂಮು ಚೆನ್ನಾಗಿರುವುದಿಲ್ಲ, ಬಸ್ಸು ತಡವಾಗುತ್ತದೆ, ನಿಮಗೆ ಕೈ ತುರಿಸುತ್ತದೆ. ತಡೆದುಕೊಳ್ಳಿ.

ಗೆಳತಿಯರು ಮತ್ತೆ ಕರೆಯುತ್ತಾರೆ ಎಂದು ನಾನು ಭರವಸೆ ಕೊಡಲಾರೆ. ಕರೆದರೆ ಹೋಗಿ, ಟಿಕೆಟ್ ಅವರೇ ಮಾಡಲಿ. ಅಕ್ಕನ ಜೊತೆ ಮಾತ್ರ ಇವತ್ತೇ ಶುರು ಮಾಡಬಹುದು. ಅವರ ಮನೆಯ ಯಾವ ವಿಷಯವನ್ನು ನೀವು ಕೇಳದೆ ತೀರ್ಮಾನ ಮಾಡಿದ್ದೀರಿ ಎಂದು ಅವರನ್ನೇ ಕೇಳಿ. ಅವರು ಹೇಳಿ ಮುಗಿಸುವವರೆಗೆ ಮಾತಾಡಬೇಡಿ.